ತೌಡು ತುಂಬಿದ ಚಲ್ಲಣ

ಟಾರ್ವಿಲ್ ಸಾಹೇಬರ ಚಲ್ಲಣಕ್ಕೆ ಹತ್ತಿ ತುಂಬಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ತೌಡು ತುಂಬಿದರು.

ಅದು ಅವರ ಸೋದರತ್ತೆಯ ಮಗಳು, ಹಾರ್ಟ್ಲಿಯ ಡಚೆಸ್, ಮಾಡಿದ ಅಪ್ಪಣೆ. ಆ ಬೇಸಿಗೆಯಲ್ಲಿ ಲಂಡನ್ನಿನ ದೊಡ್ಡ ಮನೆಗಳಿಗೆಲ್ಲ ವೇಷದ ಹುಚ್ಚು ಹಿಡಿದಿತ್ತು. ಡಚೆಸ್ ತನ್ನ ಅರಮನೆಯಲ್ಲಿ ಇಟ್ಟುಕೊಂಡಿದ್ದ ನೃತ್ಯಕೂಟಕ್ಕೆ ಬರುವವರೆಲ್ಲ ಯಾವುದಾದರೂ ಹಳೆಯ ಕಾಲದವರಾಗಿಯೇ ಬರಬೇಕು ಎಂಬ ಕಟ್ಟಳೆ. ಊರಿನ ಅರ್ಧ ಹೆಂಗಸರು ಕ್ಲಿಯೋಪಾತ್ರಳಾಗಲು ಹೊರಟು, ಅಕ್ಕಸಾಲಿಗರ ಅಂಗಡಿಗಳಲ್ಲಿ ಬಂಗಾರದ ಹಾವಿಗೆ ಬರ ಬಂದಿತ್ತು.

“ಪೆರಿ, ನೀನು ನಿಮ್ಮ ಸರ್ ಬಾರ್ನಬಿ ಆಗಿ ಬಾ,” ಎಂದಳು ಡಚೆಸ್. “ಮೆಟ್ಟಿಲ ಹತ್ರ ಪಟ ತೂಗುಹಾಕಿದ್ದೀಯಲ್ಲ, ಆ ಕೆಂಪು ಗಡ್ಡದ ಮುತ್ತಜ್ಜ. ಸ್ಪೇನಿನವರ ಹಡಗಿಗೆ ಬೆಂಕಿ ಇಟ್ಟವನು.”

“ಅವನು ಬೆಂಕಿ ಇಟ್ಟಿದ್ದು ನಮ್ಮ ಹಡಗಿಗೇ ಅಂತೆ. ಕತ್ತಲಲ್ಲಿ ಗೊತ್ತಾಗಲಿಲ್ಲವಂತೆ.”

“ಅದನ್ನೆಲ್ಲ ಯಾರು ಕೇಳ್ತಾರೆ? ಗಡ್ಡ ಚೆನ್ನಾಗಿದೆ. ಚಲ್ಲಣ ಮಾತ್ರ ಆ ಕಾಲದ್ದೇ ಆಗಿರ್ಬೇಕು, ಕುಂಬಳಕಾಯಿ ಹಾಗೆ ಉಬ್ಬಿರ್ಬೇಕು. ಅವರೆಲ್ಲ ಒಳಗೆ ತೌಡು ತುಂಬಿಸ್ತಿದ್ರು. ಹತ್ತಿ ಗಿತ್ತಿ ತುಂಬಿಸ್ಕೊಂಡು ಬಂದ್ಯೋ, ಬಾಗಿಲಿಂದಲೇ ವಾಪಸ್ಸು.”

ಸಾಹೇಬರು ತಲೆಯಾಡಿಸಿದರು. ತಲೆಯಾಡಿಸುವುದು ಅವರಿಗೆ ಹುಟ್ಟಿನಿಂದ ಬಂದ ಗುಣ. ಹೊರಡುವ ಮೊದಲು ಡಚೆಸ್ ಕೈಗವಸು ಏರಿಸಿಕೊಳ್ಳುತ್ತಾ, “ಈ ಸಲ ಎಲ್ಲರನ್ನೂ ಕರೆದಿದ್ದೀನಪ್ಪ. ನಿಮ್ಮ ಪಕ್ಕದ ಮನೆ ಬಿಸ್ಕತ್ತಿನವಳನ್ನೂ ಕರೆದೆ. ನಮ್ಮ ಆಸ್ಪತ್ರೆಗೆ ತುಂಬ ಸಹಾಯ ಮಾಡಿದ್ದಾಳೆ, ಏನು ಮಾಡೋದು,” ಎಂದಳು.

ಸಾಹೇಬರು ತಲೆಯಾಡಿಸುವುದನ್ನು ನಿಲ್ಲಿಸಿದರು. “ನನಗೆ ಪರಿಚಯ ಮಾಡಿಸ್ತೀಯಾ?” ಎಂದು ಕೇಳಿಯೇಬಿಟ್ಟರು.

“ಬಿಸ್ಕತ್ತಿನವಳನ್ನಾ? ನಿನಗಾ?” ಡಚೆಸ್ ನಕ್ಕಳು. “ಆ ಜಾತ್ರೇಲಿ ಕಣ್ಣಿಗೆ ಬಿದ್ರೆ ನೋಡೋಣ.”

ಸಾಹೇಬರಿಗೆ ಐವತ್ತೆರಡು. ಮದುವೆಯಾಗಿರಲಿಲ್ಲ. ಬೇಡವೆಂದಲ್ಲ, ಮೆಚ್ಚಿದ ಹುಡುಗಿಯೊಬ್ಬಳನ್ನು ಕೇಳಲು ಮನಸ್ಸು ಗಟ್ಟಿಮಾಡಿಕೊಳ್ಳುವಷ್ಟರಲ್ಲಿ ಆ ಹುಡುಗಿಗೆ ಎರಡು ಮಕ್ಕಳಾಗಿದ್ದವು. ಇಪ್ಪತ್ತು ಜನ ಕೂರುವ ಮೇಜಿನ ಒಂದು ತುದಿಯಲ್ಲಿ ಒಬ್ಬರೇ ಕೂತು ಊಟ ಮಾಡುತ್ತಿದ್ದರು. ಮನೆಯಲ್ಲಿ ಅವರಲ್ಲದೆ ಇದ್ದ ಇನ್ನೊಂದು ಗಂಡು ಜೀವವೆಂದರೆ ಬಟ್ಲರ್ ಮಾಕಿನ್. ಧಣಿ ಬಾಯಿ ತೆರೆಯುವ ಮೊದಲೇ ಕೆಲಸ ಮುಗಿಸುವುದು ಮಾಕಿನ್‌ನ ಹೆಮ್ಮೆ. ಅವರಿಗೆ ಸೀನು ಬರುವ ಮುಂಚೆಯೇ ಕರವಸ್ತ್ರ ಹಿಡಿದು ನಿಂತಿರುತ್ತಿದ್ದ. ಹೀಗಾಗಿ ಸಾಹೇಬರಿಗೆ ಮನೆಯಲ್ಲೂ ಬಾಯಿ ತೆರೆಯುವ ಸಂದರ್ಭ ಬರುತ್ತಿರಲಿಲ್ಲ.

ಇಡೀ ದಿನದಲ್ಲಿ ಅವರಿಗೆ ಇದ್ದದ್ದು ಒಂದೇ ಸುಖ. ಸಂಜೆಯಾದರೆ ಪಕ್ಕದ ಮನೆಯಿಂದ ಪಿಯಾನೊ ಕೇಳುತ್ತಿತ್ತು. ಎರಡು ಮನೆಗೂ ಗೋಡೆ ಒಂದೇ. ಗೋಡೆಯ ಆಚೆ ಮಿಸೆಸ್ ಹಾಲೋ ಎಂಬ ವಿಧವೆ. ಗಂಡನದು ದೊಡ್ಡ ಬಿಸ್ಕತ್ತಿನ ಕಾರ್ಖಾನೆಯಾಗಿತ್ತು. ಆ ಬೀದಿಯ ದೊಡ್ಡ ಮನುಷ್ಯರೆಲ್ಲ ಆ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು, ಆದರೆ ಬಿಸ್ಕತ್ತಿನವರನ್ನು ಮನೆಗೆ ಸೇರಿಸುತ್ತಿರಲಿಲ್ಲ. ಮೂರನೆಯವರೊಬ್ಬರು ನಡುವೆ ನಿಂತು ಪರಿಚಯ ಮಾಡಿಸದೆ ಒಬ್ಬರನ್ನೊಬ್ಬರು ಮಾತಾಡಿಸುವಂತೆಯೂ ಇಲ್ಲ. ಪಕ್ಕದ ಮನೆಗೆ ಬೆಂಕಿ ಬಿದ್ದರೂ ಅಷ್ಟೇ, ‘ನಿಮ್ಮ ಮನೆ ಉರೀತಿದೆ’ ಎಂದು ಹೇಳಲು ಪರಿಚಯಸ್ಥರು ಬೇಕು. ಆಕೆ ಆ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಸಾಹೇಬರು ಕಿಟಕಿಯಿಂದ ಆಕೆಯ ಕಪ್ಪು ಕೊಡೆಯ ನೆತ್ತಿಯನ್ನು ಮಾತ್ರ ನೋಡಿದ್ದರು.

ಆದರೆ ಆ ರಾಗ! ಮೆಲ್ಲಗೆ ಶುರುವಾಗಿ ಏರುತ್ತಾ ಏರುತ್ತಾ ಹೋಗುತ್ತಿತ್ತು. ತೀರ ಮೇಲಕ್ಕೆ ಬಂದಾಗ ಸಾಹೇಬರ ಎದೆ ತುಂಬಿ ಬಂದು, ತಡೆಯಲಾಗುತ್ತಿರಲಿಲ್ಲ. ಸಂಗೀತ ಸಭೆಗಳಲ್ಲಿ ಗಂಡಸರು ಮೆಚ್ಚಿಕೊಂಡು ಬೆತ್ತದ ಕೋಲನ್ನು ನೆಲಕ್ಕೆ ಕುಟ್ಟುವುದಿಲ್ಲವೇ, ಹಾಗೆ ಇವರೂ ಕೋಲು ತೆಗೆದು ಗೋಡೆಗೆ ಮೂರು ಸಲ ಕುಟ್ಟುತ್ತಿದ್ದರು. ರಾಗವೂ ಅಲ್ಲಿಗೇ ಮುಗಿಯುತ್ತಿತ್ತು. ಮೆಚ್ಚುಗೆ ತಲುಪಿತು ಎಂದುಕೊಂಡು ಸಾಹೇಬರು ಆ ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದರು.

ಕೋಲು ತಂದುಕೊಡುವುದು ಮಾಕಿನ್‌ನ ಕೆಲಸ. ಯಾಕೆಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ಮನಸ್ಸಿನ ಮಾತನ್ನು ಆಳುಗಳ ಮುಂದೆ ಆಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಕೂಟದ ಸಂಜೆ ಬಂತು. ಸಾಹೇಬರಿಗೆ ವೇಷ ಕಟ್ಟಲು ಮಾಕಿನ್‌ಗೂ ದರ್ಜಿಗೂ ಮಧ್ಯಾಹ್ನವೆಲ್ಲ ಹಿಡಿಯಿತು. ಮುತ್ತು ಹೊಲಿದ ಕಪ್ಪು ಮಖಮಲ್ಲಿನ ಅಂಗಿ, ಸೊಂಟಕ್ಕೆ ಕತ್ತಿ, ಕಿವಿಯಿಂದ ಕಿವಿಗೆ ಅಂಟಿಸಿದ ಕೆಂಪು ಗಡ್ಡ. ಕತ್ತಿನ ಸುತ್ತ ಗಂಜಿ ಹಾಕಿ ನೆರಿಗೆ ಹಿಡಿದ ಬಿಳಿಯ ಕಾಲರು ಎಷ್ಟು ಅಗಲವಾಗಿತ್ತೆಂದರೆ, ಮೇಲಿನ ತಲೆ ತಟ್ಟೆಯಲ್ಲಿಟ್ಟ ಎಲೆಕೋಸಿನ ಹಾಗೆ ಕಾಣುತ್ತಿತ್ತು. ಎಲ್ಲಕ್ಕಿಂತ ಮಿಗಿಲಾದದ್ದು ಚಲ್ಲಣ. ಒಂದೊಂದು ತೊಡೆಗೂ ಒಂದೊಂದು ಸಣ್ಣ ಮೂಟೆ ತೌಡು.

“ಹೇಗಿದ್ದೀನಿ, ಮಾಕಿನ್?”

“ಸರ್ ಬಾರ್ನಬಿಯವರೇ ಎದ್ದು ಬಂದ ಹಾಗಿದೆ, ಧಣಿ,” ಎಂದ ಮಾಕಿನ್. “ನೀವು ಮಾತ್ರ ಕೂರೋ ಯೋಚನೆ ಮಾಡ್ಬೇಡಿ.”

ಕೂರುವ ಪ್ರಶ್ನೆಯೇ ಇರಲಿಲ್ಲ. ಸಾರೋಟಿನ ಬಾಗಿಲಲ್ಲಿ ಅವರನ್ನು ಅಡ್ಡಡ್ಡ ತುರುಕಬೇಕಾಯಿತು. ಸೀಟಿಗೆ ಮುಖ ಮಾಡಿ ಮೊಣಕಾಲೂರಿ, ಪ್ರಾರ್ಥನೆಗೆ ಕೂತವರ ಹಾಗೆ ಸಾಹೇಬರು ಅರ್ಧ ಲಂಡನ್ ದಾಟಿದರು. ದಾರಿಯಲ್ಲಿ ಹುಡುಗರ ಗುಂಪೊಂದು ಶಿಳ್ಳೆ ಹಾಕಿತು. ಅರಮನೆಯ ಮುಂದೆ ಇಬ್ಬರು ಆಳುಗಳು ಎಳೆದು ಇಳಿಸುವಾಗ ಬಾಗಿಲ ಮೊಳೆಗೆ ಏನೋ ಸಿಕ್ಕಿ ಪರ್ ಎಂದಿತು. ಕಾಲರಿನ ದೆಸೆಯಿಂದ ಸಾಹೇಬರಿಗೆ ಸೊಂಟದ ಕೆಳಗಿನ ಪ್ರಪಂಚ ಕಾಣುತ್ತಿರಲಿಲ್ಲ. ಹಾಗಾಗಿ ತಾವು ಮೆಟ್ಟಿಲು ಹತ್ತುತ್ತಿದ್ದಂತೆ ಹಿಂದೆ ತೌಡಿನ ಸಣ್ಣ ಗೆರೆಯೊಂದು ಹಿಂಬಾಲಿಸುತ್ತಿರುವುದು ಅವರ ಗಮನಕ್ಕೆ ಬರಲಿಲ್ಲ.

“ಸರ್ ಬಾರ್ನಬಿ ಗೋರ್! ಹಡಗು ಸುಟ್ಟ ವೀರ!” ಎಂದು ಬಾಗಿಲಿನವನು ಕೂಗಿದ. ವೇಷದ ಹೆಸರನ್ನಷ್ಟೇ ಕೂಗಬೇಕೆಂದು ಡಚೆಸ್‌ಳ ಕಟ್ಟಳೆ. ಯಾರೂ ತಿರುಗಿ ನೋಡಲಿಲ್ಲ. ಅಷ್ಟು ದೊಡ್ಡ ಗಡ್ಡದಲ್ಲಿ ಇವರ ಗುರುತು ಯಾರಿಗೂ ಸಿಗಲಿಲ್ಲ. ಗಡ್ಡವಿಲ್ಲದಿದ್ದರೂ ಸಿಗುತ್ತಿರಲಿಲ್ಲ, ಆ ಮಾತು ಬೇರೆ.

ಗುರುತಿಲ್ಲದವನನ್ನು ಮಾತಾಡಿಸುವುದು ಹೇಗೆ? ಸಾಹೇಬರು ಒಂದು ಕಂಬದ ಪಕ್ಕ ನಿಂತರು. ಎದುರಿಗೆ ಚಕ್ರವರ್ತಿಗಳು, ಸುಲ್ತಾನರು, ಪಾದ್ರಿಗಳು ಗುಂಪು ಗುಂಪಾಗಿ ಕೂತು ಹರಟುತ್ತಿದ್ದರು. ಆ ಮನೆಯಲ್ಲಿ ಅವತ್ತು ಎಲ್ಲರೂ ತೌಡು ಕುಟ್ಟುವವರೇ, ಹೊತ್ತು ತಂದವರು ಮಾತ್ರ ಇವರೊಬ್ಬರೇ. ಒಬ್ಬ ರೋಮನ್ ಚಕ್ರವರ್ತಿ ಹತ್ತಿರ ಬಂದಾಗ ಸಾಹೇಬರು ಮುಗುಳ್ನಕ್ಕರು. ಆತ ಖಾಲಿ ಲೋಟವನ್ನು ಇವರ ಕೈಗಿಟ್ಟು ಮುಂದಕ್ಕೆ ಹೋದ. ಸಾಹೇಬರು ಆ ಲೋಟವನ್ನು ಬಹಳ ಹೊತ್ತು ಹಿಡಿದುಕೊಂಡೇ ಇದ್ದರು. ಅವತ್ತು ಅವರ ಹತ್ತಿರ ಬಂದ ಮೊದಲ ಮನುಷ್ಯ ಅವನು.

ಬರುವ ಹೆಂಗಸರಲ್ಲಿ ಮಿಸೆಸ್ ಹಾಲೋ ಯಾರಿರಬಹುದು ಎಂದು ಹುಡುಕಿದರು. ಯಾರ ಕೈಯಲ್ಲೂ ಕಪ್ಪು ಕೊಡೆ ಇರಲಿಲ್ಲ. ಡಚೆಸ್ ಎಲ್ಲೋ ದೂರದಲ್ಲಿ, ತನ್ನ ನವಿಲುಗರಿಯ ಕಿರೀಟದಡಿಯಲ್ಲಿ ಮುಳುಗಿಹೋಗಿದ್ದಳು. ಇಷ್ಟು ಜನರ ನಡುವೆ ಒಬ್ಬಂಟಿಯಾಗಿ ನಿಲ್ಲುವುದಕ್ಕಿಂತ ಮನೆಯ ಮೇಜಿನ ತುದಿಯೇ ವಾಸಿ ಎನ್ನಿಸಿ ಅವರಿಗೆ ಅಳು ಬಂದ ಹಾಗಾಯಿತು.

ಆಗ ಹಿಂದಿನಿಂದ ಯಾರೋ ಚಲ್ಲಣ ಹಿಡಿದು ಎಳೆದರು.

ಕಷ್ಟಪಟ್ಟು ಪೂರ್ತಿ ದೇಹವನ್ನೇ ತಿರುಗಿಸಿ ನೋಡಿದರೆ, ಕೊರಳಿಗೆ ನೀಲಿ ಪಟ್ಟಿ ಕಟ್ಟಿದ ಜೀವಂತ ಕುರಿಮರಿ. ಬಾಗಿಲಿನಿಂದ ತೌಡಿನ ಗೆರೆ ಹಿಡಿದು ನೆಕ್ಕುತ್ತಾ ಬಂದು ಈಗ ಉಗ್ರಾಣಕ್ಕೇ ಬಾಯಿ ಹಾಕಿತ್ತು. ಅದರ ಹಿಂದೆ ಕುರಿಗಾಹಿ ವೇಷದ ಹೆಂಗಸೊಬ್ಬಳು ಓಡಿ ಬಂದಳು. ಬಿಳಿಯ ಪುಡಿ ಹಚ್ಚಿದ ಕೂದಲು, ಕೈಯಲ್ಲೊಂದು ಕೊಕ್ಕೆ ಕೋಲು, ನಲವತ್ತು ದಾಟಿದ ದುಂಡು ಮುಖ.

“ಬಟನ್! ಬಿಡೋ! ಯಾರ ಚಲ್ಲಣವೋ ಅದು!”

“ಪರವಾಗಿಲ್ಲ, ಅಮ್ಮಣ್ಣಿ...” ಎಂದು ಶುರುಮಾಡಿ ಸಾಹೇಬರು ತಟ್ಟನೆ ನಿಲ್ಲಿಸಿದರು. ಪರಿಚಯವಾಗಿರಲಿಲ್ಲ. ಆಕೆಯೂ ಬಾಯಿಗೆ ಕೈ ಅಡ್ಡ ಹಿಡಿದಳು. ಇಬ್ಬರೂ ಸುತ್ತ ನೋಡಿದರು. ಪರಿಚಯ ಮಾಡಿಸುವ ಪುಣ್ಯಾತ್ಮರು ಯಾರೂ ಹತ್ತಿರದಲ್ಲಿರಲಿಲ್ಲ.

ಆಕೆ ಬಗ್ಗಿ ಮರಿಯ ಕಿವಿಯಲ್ಲಿ ಹೇಳಿದಳು: “ಬಟನ್, ಈ ಹಡಗಿನ ಸಾಹೇಬರಿಗೆ ಹೇಳು. ನಮ್ಮನ್ನ ಯಾರೂ ಪರಿಚಯ ಮಾಡಿಸಿಲ್ಲ, ಅದಕ್ಕೆ ಕ್ಷಮೆ ಕೇಳೋಕೆ ಆಗ್ತಿಲ್ಲ ಅಂತ.”

ಸಾಹೇಬರಿಗೆ ಎಲ್ಲಿಂದ ಧೈರ್ಯ ಬಂತೋ! “ಬಟನ್, ನಿನ್ನ ಒಡತಿಗೆ ಹೇಳು. ತೌಡು ಬೇಕಾದಷ್ಟಿದೆ, ಸಂಕೋಚ ಬೇಡ ಅಂತ.”

ಬಟನ್ “ಬ್ಯಾ” ಎಂದಿತು.

“ಸರಿ, ಪರಿಚಯ ಆಯ್ತು,” ಎಂದಳು ಆಕೆ. ಇಬ್ಬರೂ ನಕ್ಕರು. ಸಾಹೇಬರಿಗೆ ತಮ್ಮ ನಗುವಿನ ದನಿಯೇ ಹೊಸದೆನ್ನಿಸಿತು.

ಇಬ್ಬರೂ ಅರಮನೆಗೆ ಅಂಟಿಕೊಂಡಿದ್ದ, ಹೂಗಿಡ ಬೆಳೆಸುವ ಗಾಜಿನ ಮನೆಗೆ ಹೋದರು, ಅಲ್ಲಿ ಕುಂಡಗಳ ನಡುವೆ ಒಂದು ಬೆಂಚಿತ್ತು. ತೌಡು ಅರ್ಧಕ್ಕರ್ಧ ಖಾಲಿಯಾಗಿದ್ದರಿಂದ ಸಾಹೇಬರಿಗೆ ಈಗ ಕೂರಲು ಬರುತ್ತಿತ್ತು. ಆಕೆ ತಟ್ಟೆಯಲ್ಲಿ ಹಂಸದ ಆಕಾರದ ಮಿಠಾಯಿ ತಂದಳು. ಕಾಲರು ಅಡ್ಡವಾಗಿ ಚಮಚ ಇವರ ಬಾಯಿಗೆ ತಲುಪದಾದಾಗ, ತನ್ನ ಕೊಕ್ಕೆ ಕೋಲಿನಿಂದ ಕಾಲರನ್ನು ಕೆಳಗೆ ಒತ್ತಿ ಹಿಡಿದಳು.

“ನಿಮಗೂ ಇಲ್ಲಿ ಯಾರೂ ಗೊತ್ತಿಲ್ವಾ?” ಎಂದು ಕೇಳಿದಳು.

“ನನಗೆ ಎಲ್ಲರೂ ಗೊತ್ತು. ಅವರಿಗೆ ನಾನು ಗೊತ್ತಿಲ್ಲ.”

“ಸಂಜೆಯಿಂದ ನಾನು ಮಾತಾಡಿದ್ದು ಬಟನ್ ಹತ್ರ ಮಾತ್ರ. ಪಾಪ, ಅದಕ್ಕೂ ಬೇಜಾರಾಗಿ ಎದ್ದು ಬಂತು.”

ಮಾತು ಮಾತಿಗೆ ಸೇರಿಕೊಂಡಿತು. ಒಬ್ಬರಿಗೇ ಅಡುಗೆ ಮಾಡಿಸುವ ಕಷ್ಟ, ಒಂದು ಮೊಟ್ಟೆಗೆ ಎಷ್ಟು ನೀರು ಕಾಯಿಸಬೇಕೆಂಬ ಜಿಜ್ಞಾಸೆ, ಭಾನುವಾರ ಮಧ್ಯಾಹ್ನಗಳು ಮುಗಿಯದಿರುವ ಬಗೆ. ಆಕೆಗೆ ಇದೆಲ್ಲ ಹೇಗೆ ಗೊತ್ತೆಂದು ಸಾಹೇಬರು ಬೆರಗಾದರು. ಬಿಸ್ಕತ್ತಿನವರ ಮನೆಯಾಕೆಯನ್ನು ಹುಡುಕಬೇಕೆಂಬುದು ಪೂರ್ತಿ ಮರೆತೇಹೋಯಿತು. ಇವಳ ಹೆಸರು ಕೇಳಿ, ನಾಳೆಯೇ ಡಚೆಸ್ ಕೈಯಲ್ಲಿ ಸರಿಯಾಗಿ ಪರಿಚಯ ಮಾಡಿಸಿಕೊಂಡು, ಚಹಾಕ್ಕೆ ಕರೆಯುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡರು.

“ಮನೇಲಿ ಇರೋದು ನಾನೂ ಗೋಡೆಗಳೂ,” ಎಂದಳು ಆಕೆ. “ಗೋಡೆಗೂ ಕಿವಿ ಇರುತ್ತೆ ಅಂತಾರಲ್ಲ, ನಮ್ಮನೆ ಗೋಡೆಗೆ ಕೈಯೂ ಇದೆ. ಆಚೆ ಕಡೆ ಒಂದು ಕರಡಿ ಇದೆ, ನೋಡಿ.”

“ಕರಡಿಯೇ?”

“ಯಾರೋ ಲಾರ್ಡಂತೆ. ದಿನಾ ಸಂಜೆ ನಾನು ಪಿಯಾನೊ ನುಡಿಸ್ತೀನಿ. ನಮ್ಮ ಯಜಮಾನರಿಗೆ ಇಷ್ಟವಾದ ರಾಗ. ಅದರ ಸೊಗಸೆಲ್ಲ ಇರೋದು ಕೊನೇಲಿ. ಸ್ವರ ಮೇಲಕ್ಕೇರಿ, ಇನ್ನೇನು ಇಳಿಯೋಕೆ ಶುರುವಾಗ್ಬೇಕು, ಅಷ್ಟರಲ್ಲಿ ಧಡ್ ಧಡ್ ಧಡ್ ಅಂತ ಗೋಡೆಗೆ ಗುದ್ದು! ‘ಸಾಕು ಮುಚ್ಚು’ ಅಂತ. ಮುಚ್ಚಿಬಿಡ್ತೀನಿ. ಆ ಮನೆಗೆ ಬಂದು ಹನ್ನೊಂದು ವರ್ಷ ಆಯ್ತು. ಒಂದು ದಿನವಾದ್ರೂ ಕೊನೆವರೆಗೂ ನುಡಿಸಿದ್ದಿಲ್ಲ.” ಆಕೆಯ ದನಿ ಸಣ್ಣದಾಯಿತು. “ಅಷ್ಟು ಕೆಟ್ಟದಾಗಿ ನುಡಿಸ್ತೀನಾ ಅಂತ ಅನ್ಸತ್ತೆ.”

ಸಾಹೇಬರು ಹಂಸದ ಮಿಠಾಯಿಯ ತಟ್ಟೆಯನ್ನು ಕೆಳಗಿಟ್ಟರು. ಹನ್ನೊಂದು ವರ್ಷ! ಆಕೆ ಮುಗಿಸಿದಳೆಂದು ಇವರು ಕುಟ್ಟುತ್ತಿದ್ದರು. ಇವರು ಕುಟ್ಟಿದರೆಂದು ಆಕೆ ನಿಲ್ಲಿಸುತ್ತಿದ್ದಳು. ಹೇಳಬೇಕು, ಈಗಲೇ ಹೇಳಬೇಕು ಎಂದು ಬಾಯಿ ತೆರೆದರು. ಬಾಯಿ ತೆರೆದು ಅಭ್ಯಾಸವಿದ್ದರಲ್ಲವೇ ಮಾತು ಬರಲು?

“ಪೆರಿ! ಇಲ್ಲಿದ್ದೀಯೇನೋ!” ನವಿಲುಗರಿಗಳ ಸಮೇತ ಡಚೆಸ್ ನುಗ್ಗಿ ಬಂದಳು. “ಪರವಾಗಿಲ್ವೇ, ನೀನೇ ಹುಡುಕ್ಕೊಂಡೆ! ಮಿಸೆಸ್ ಹಾಲೋ, ಇವನು ನನ್ನ ಸೋದರಮಾವನ ಮಗ, ಲಾರ್ಡ್ ಟಾರ್ವಿಲ್. ನಿಮ್ಮ ಪಕ್ಕದ ಮನೆಯವನೇ. ನಿಮ್ಮ ಪರಿಚಯ ಮಾಡಿಸು ಅಂತ ಒಂದೇ ಸಮ ಪ್ರಾಣ ತಿಂದ. ಆಯ್ತಲ್ಲ, ಇನ್ನು ಮಾತಾಡ್ಕೊಳ್ಳಿ!” ಎಂದವಳೇ ಬಂದ ಹಾಗೇ ಹೋದಳು.

ಮಿಸೆಸ್ ಹಾಲೋ ಎದ್ದು ನಿಂತಳು. ದುಂಡು ಮುಖ ಕಲ್ಲಾಗಿತ್ತು.

“ಲಾರ್ಡ್ ಟಾರ್ವಿಲ್, ಪರಿಚಯ ಇಲ್ಲದವರ ಜೊತೆ ಮಾತು ಬಿಡೋಕೂ ಆಗಲ್ಲ, ನೋಡಿ. ಇಷ್ಟು ವರ್ಷ ಅದೊಂದು ತೊಂದರೆ ಆಗಿತ್ತು. ಈಗ ಪರಿಚಯ ಆಯ್ತು. ಇವತ್ತಿನಿಂದ ನಾನು ನಿಮ್ಮ ಜೊತೆ ಮಾತು ಬಿಟ್ಟಿದ್ದೀನಿ.”

ಮರಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಟೇಬಿಟ್ಟಳು. ಸಾಹೇಬರು ಇಂಗು ತಿಂದ ಮಂಗನ ಹಾಗೆ ಒಂದು ಕ್ಷಣ ನಿಂತರು. ಆಮೇಲೆ, ಹುಟ್ಟಿದಾರಭ್ಯ ಓಡದ ಮನುಷ್ಯ ಓಡಿದರು. ಜೋತುಬಿದ್ದ ಚಲ್ಲಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗಡ್ಡ ಒಂದೇ ಕಿವಿಗೆ ನೇತಾಡುತ್ತಾ, ಕತ್ತಿ ಕಾಲಿಗೆ ಸಿಕ್ಕಿಸಿಕೊಂಡು ಕೊನೆಯ ತೌಡನ್ನೆಲ್ಲ ಚೆಲ್ಲುತ್ತಾ ದೊಡ್ಡ ಮೆಟ್ಟಿಲ ಬಳಿ ಬಂದು ಕೂಗಿದರು:

“ಅದು ಚಪ್ಪಾಳೆ!”

ವಾದ್ಯದವರು ನಿಲ್ಲಿಸಿದರು. ಒಬ್ಬರಲ್ಲ ಇಬ್ಬರಲ್ಲ, ಎಲ್ಲ ಕ್ಲಿಯೋಪಾತ್ರರೂ ಒಟ್ಟಿಗೆ ತಿರುಗಿದರು.

“ಅಮ್ಮಣ್ಣಿ, ಅದು ಗುದ್ದಲ್ಲ, ಚಪ್ಪಾಳೆ! ಮಧ್ಯೆ ಗೋಡೆ ಇದೆ, ಕೈ ತಟ್ಟಿದ್ರೆ ಕೇಳಿಸಲ್ಲ ಅಂತ ಕೋಲು ತಗೊಂಡೆ. ರಾಗ ಅಲ್ಲಿಗೇ ಮುಗಿಯತ್ತೆ ಅಂದ್ಕೊಂಡಿದ್ದೆ. ಆ ರಾಗಕ್ಕೋಸ್ಕರವೇ ನಾನು ದಿನಾ ಸಂಜೆ ಕಾಯೋದು. ನನಗೆ ಬೇರೆ ಯಾರೂ ಇಲ್ಲ.”

ಕೊನೆಯ ಮಾತು ಬಾಯಿಂದ ಜಾರಿತ್ತು. ಇಡೀ ಅರಮನೆ ಕೇಳಿಸಿಕೊಂಡಿತು. ಯಾರೋ ಕಿಸಕ್ಕೆಂದರು. ಮಿಸೆಸ್ ಹಾಲೋ ನಗಲಿಲ್ಲ. ಮಾತು ಬಿಟ್ಟಾಗಿತ್ತಲ್ಲ, ಅದಕ್ಕೆ ಮರಿಯ ಕಡೆ ಬಗ್ಗಿದಳು.

“ಬಟನ್, ಅವರಿಗೆ ಹೇಳು. ನಾಳೆ ಸಂಜೆ ನಾನು ಕೊನೆವರೆಗೂ ನುಡಿಸ್ತೀನಿ. ಗೋಡೆ ಸುಮ್ಮನಿದ್ರೆ, ನಾಡಿದ್ದು ಚಹಾಕ್ಕೆ ಬರ್ಲಿ. ಗೋಡೆ ಬಾಯಿ ಬಿಡ್ತೋ, ಗಂಟುಮೂಟೆ ಕಟ್ಕೊಂಡು ನಾನು ತಂಗಿ ಮನೆಗೆ ಹೊರಟ್ಹೋಗ್ತೀನಿ. ಇನ್ನೊಂದ್ಸಲ ‘ಸಾಕು ಮುಚ್ಚು’ ಅನ್ನಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ.”

ಮರುದಿನ ಸಾಹೇಬರು ಎದ್ದಾಗ ಮೊಣಕಾಲು ಊದಿಕೊಂಡಿತ್ತು, ಸೊಂಟ ಹಿಡಿದುಕೊಂಡಿತ್ತು, ಗಡ್ಡದ ಅಂಟಿಗೆ ಕೆನ್ನೆ ಕಿತ್ತುಬಂದಿತ್ತು. ಆದರೂ ಹಾಡಿನ ತುಣುಕೊಂದನ್ನು ಗುನುಗುತ್ತಾ ಚಹಾದ ಬಟ್ಟಲುಗಳನ್ನು ತಾವೇ ಬೀರುವಿನಿಂದ ತೆಗೆದು ನೋಡಿದರು. ನಾಳೆ ಆಕೆಯ ಮನೆಯಲ್ಲಿ ಚಹಾ. ಆಮೇಲೆ ಮರ್ಯಾದೆಗೆ ಇವರೂ ಕರೆಯಬೇಕಲ್ಲವೇ? ಒಂದೇ ಬಗೆಯ ಎರಡು ಬಟ್ಟಲು ಸಿಕ್ಕಿದವು. ಅವನ್ನು ಪಕ್ಕಪಕ್ಕ ಇಟ್ಟು ನೋಡಿ ಸಂತೋಷಪಟ್ಟರು.

ಸಂಜೆಯಾಗುತ್ತಿದ್ದಂತೆ ಅವರಿಗೆ ತಮ್ಮ ಕೈಯ ಮೇಲೆಯೇ ಅನುಮಾನ ಬಂತು. ಹನ್ನೊಂದು ವರ್ಷದ ರೂಢಿ, ತಾನಾಗಿ ಕುಟ್ಟಿಬಿಟ್ಟರೆ?

“ಮಾಕಿನ್, ಈ ಕೋಲು ತಗೊಂಡು ಹೋಗು. ನನ್ನ ಕಣ್ಣಿಗೆ ಬೀಳಬಾರದು. ಕೇಳಿದರೂ ಕೊಡಬೇಡ.”

ಮಾಕಿನ್ ಧಣಿಯ ಊದಿದ ಮೊಣಕಾಲು ನೋಡಿದ, ಬಗ್ಗಿದ ಸೊಂಟ ನೋಡಿದ, ಕೆಂಪಾದ ಕಣ್ಣು ನೋಡಿದ. “ಅರ್ಥ ಆಯ್ತು, ಧಣಿ,” ಎಂದು ಕೋಲು ತೆಗೆದುಕೊಂಡು ಕೆಳಗಿಳಿದು ಹೋದ.

ಪಿಯಾನೊ ಶುರುವಾಯಿತು. ಸಾಹೇಬರು ಗೋಡೆಯ ಪಕ್ಕ ಕುರ್ಚಿ ಎಳೆದುಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತರು. ರಾಗ ಏರಿತು, ಇನ್ನೂ ಏರಿತು. ಆ ಜಾಗಕ್ಕೆ ಬಂದಾಗ ಆಚೆ ಬೆರಳುಗಳು ಒಂದು ಕ್ಷಣ ತಡೆದವು. ಗೋಡೆ ಸುಮ್ಮನಿತ್ತು. ಬೆರಳುಗಳು ಹೆದರಿ ಹೆದರಿ ಮುಂದಿನ ಸ್ವರಕ್ಕೆ ಕಾಲಿಟ್ಟವು.

ಅದು ಇಳಿಯತೊಡಗಿತು. ಇಷ್ಟು ವರ್ಷ ಮೆಟ್ಟಿಲ ತುದಿಯಲ್ಲೇ ನಿಂತಿದ್ದವರನ್ನು ಯಾರೋ ಕೈಹಿಡಿದು ಕೆಳಗೆ, ದೀಪ ಹಚ್ಚಿದ ಕೋಣೆಗೆ ಕರೆದುಕೊಂಡು ಹೋದ ಹಾಗೆ. ಸಾಹೇಬರು ಅಳುತ್ತಿದ್ದರು. ಇನ್ನು ಸ್ವಲ್ಪವೇ ಉಳಿದಿದೆ ಎಂದು ಅವರಿಗೆ ಹೇಗೋ ತಿಳಿಯಿತು.

ಧಡ್! ಧಡ್! ಧಡ್!

ಕೆಳಗಿನ ಊಟದ ಕೋಣೆಯಿಂದ. ಅದೇ ಗೋಡೆಗೆ, ಸಾಹೇಬರು ಹನ್ನೊಂದು ವರ್ಷದಲ್ಲಿ ಎಂದೂ ಕುಟ್ಟದಷ್ಟು ಜೋರಾಗಿ.

ರಾಗ ನಿಂತಿತು. ಪಿಯಾನೊದ ಮುಚ್ಚಳ ಬಿದ್ದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಮಾಕಿನ್ ಏದುಸಿರು ಬಿಡುತ್ತಾ, ಕೋಲು ಹಿಡಿದುಕೊಂಡು, ಮುಖವೆಲ್ಲ ಸಾರ್ಥಕತೆ ತುಂಬಿಕೊಂಡು ಬಾಗಿಲಲ್ಲಿ ನಿಂತ.

“ಕೋಲು ಬೇಡ ಅಂದಾಗಲೇ ಗೊತ್ತಾಯ್ತು ಧಣಿ, ಇವತ್ತು ನಿಮ್ಮ ಕೈಲಿ ಆಗ್ತಿಲ್ಲ ಅಂತ. ನಾನಿರೋವಾಗ ನಿಮಗ್ಯಾಕೆ ಆ ಶ್ರಮ? ನೀವು ಸುಮ್ಮನಿದ್ದಿದ್ದೇ ತಡ, ಆ ಯಮ್ಮ ನಿಲ್ಲಿಸೋ ಲಕ್ಷಣವೇ ಕಾಣಲಿಲ್ಲ, ನೋಡಿ. ಅದಕ್ಕೇ ಸ್ವಲ್ಪ ಜೋರಾಗೇ ಕುಟ್ಟಿದೆ.”

ಸಾಹೇಬರು ಅವನನ್ನು ನೋಡಿದರು. ಎದ್ದು ಪಕ್ಕದ ಮನೆಗೆ ಓಡಿದರೆ? ಹೋಗಿ ಏನು ಹೇಳುವುದು? ಕುಟ್ಟಿದ್ದು ನಾನಲ್ಲ, ನನ್ನ ಆಳು ಎಂದರೆ ಯಾರು ನಂಬುತ್ತಾರೆ? ಎಲ್ಲ ಲಾರ್ಡುಗಳೂ ಹೇಳುವುದು ಅದನ್ನೇ. ಗೋಡೆಯ ಆಚೆ ಭಾರವಾದ ಪೆಟ್ಟಿಗೆಯೊಂದನ್ನು ನೆಲದ ಮೇಲೆ ಎಳೆಯುವ ಸದ್ದು ಶುರುವಾಯಿತು.

ಮಾಕಿನ್ ಆ ಸದ್ದಿಗೂ ಒಮ್ಮೆ ಕೋಲು ಎತ್ತಿದ. ಸಾಹೇಬರು ಬೇಡವೆಂದು ತಲೆಯಾಡಿಸಿದರು.

“ಚಹಾ ತರ್ಲಾ, ಧಣಿ?” ಎಂದ ಮಾಕಿನ್, ಮೇಜಿನ ಮೇಲಿದ್ದ ಎರಡು ಬಟ್ಟಲುಗಳಲ್ಲಿ ಒಂದನ್ನು ಎತ್ತಿ ಬೀರುವಿನೊಳಗೆ ಇಡುತ್ತಾ. “ಒಬ್ಬರಿಗೇ ತಾನೇ?”